ಬಸುರಿಯ ಮೊದಲ ತೂಕ ಹೇಳುವ ಎಚ್ಚರಿಕೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಸೀಮೆಯಲ್ಲಿ ಬಸುರಿಯರ ಆರೋಗ್ಯದ ಮಾತು ಬಂದಾಗ ಮೊದಲು ನೆನಪಾಗುವುದು ರಕ್ತಹೀನತೆ ಮತ್ತು ಅಪೌಷ್ಟಿಕತೆ. ಆ ಚಿಂತೆ ಇನ್ನೂ ತೀರಿಲ್ಲವಾದರೂ ಅದರ ಪಕ್ಕದಲ್ಲೇ ಈಗ ಬೊಜ್ಜಿನ ಚಿಂತೆಯೂ ಬಂದು ನಿಂತಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಅತಿತೂಕ ಅಥವಾ ಬೊಜ್ಜು ಉಳ್ಳವರ ಪ್ರಮಾಣ 2015-16ರಲ್ಲಿ ಶೇ 23.3ರಷ್ಟಿದ್ದುದು 2019-21ರ ಹೊತ್ತಿಗೆ ಶೇ 30.1ಕ್ಕೆ ಏರಿತು. 2019-21ರ ಇದೇ ಸಮೀಕ್ಷೆಯಲ್ಲಿ ರಾಜ್ಯದ ಗರ್ಭಿಣಿಯರ ಪೈಕಿ ಶೇ 45.7ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಮೈ ತುಂಬಿಕೊಂಡವಳು ಗಟ್ಟಿಮುಟ್ಟಾಗಿದ್ದಾಳೆ ಎಂದು ನಂಬುವಂತಿಲ್ಲ. ಬೊಜ್ಜು ಮತ್ತು ರಕ್ತದ ಕೊರತೆ ಒಂದೇ ದೇಹದಲ್ಲಿ ಕೂಡಿ ಇರಬಲ್ಲವು.

ಬೊಜ್ಜನ್ನು ಅಳೆಯುವ ಸುಲಭ ಮಾರ್ಗ ದೇಹ ತೂಕ ಸೂಚ್ಯಂಕ, ಅಂದರೆ ಬಿಎಂಐ. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಈ ಸಂಖ್ಯೆ ದೊರೆಯುತ್ತದೆ. ಒಂದೂವರೆ ಮೀಟರ್ ಎತ್ತರದ, 62 ಕಿಲೋ ತೂಗುವ ಮಹಿಳೆಯ ಸೂಚ್ಯಂಕ 27.6 ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಮಾನದಂಡದಲ್ಲಿ 25 ದಾಟಿದರೆ ಅತಿತೂಕ, 30 ದಾಟಿದರೆ ಬೊಜ್ಜು. ಆದರೆ ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಕಾಣಿಸಿಕೊಳ್ಳುವುದರಿಂದ ಇಲ್ಲಿನ ವೈದ್ಯರು 23ನ್ನು ಅತಿತೂಕದ, 25ನ್ನು ಬೊಜ್ಜಿನ ಗಡಿಯೆಂದು ಪರಿಗಣಿಸುತ್ತಾರೆ. ಈ ಲೆಕ್ಕಕ್ಕೆ ಬೇಕಾದುದು ಗರ್ಭ ನಿಲ್ಲುವ ಮುಂಚಿನ ತೂಕ. ಅದು ತಿಳಿಯದಿದ್ದರೆ ಮೊದಲ 12 ವಾರಗಳೊಳಗೆ ತೂಗಿ ತಾಯಿ ಕಾರ್ಡಿನಲ್ಲಿ ಬರೆದ ತೂಕವೇ ಆಧಾರ.

ಬೊಜ್ಜು ತರುವ ಅಪಾಯಗಳಲ್ಲಿ ಮುಖ್ಯವಾದುದು ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ. ಮಗುವನ್ನು ಪೋಷಿಸುವ ಮಾಸು ಸ್ರವಿಸುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿನ ಪ್ರಭಾವವನ್ನು ತಗ್ಗಿಸುತ್ತವೆ. ಬೊಜ್ಜಿನಿಂದಾಗಿ ಆ ಪ್ರಭಾವ ಮೊದಲೇ ಕುಗ್ಗಿದ್ದರೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಈ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹರಿಯುತ್ತದೆ, ತಾಯಿಯ ಇನ್ಸುಲಿನ್ ಮಾತ್ರ ದಾಟುವುದಿಲ್ಲ. ಆದ್ದರಿಂದ ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸುತ್ತಾ ಮಿತಿಮೀರಿ ಬೆಳೆಯುತ್ತದೆ, ಹೆರಿಗೆಯಲ್ಲಿ ಅದರ ಭುಜ ಸಿಕ್ಕಿಕೊಳ್ಳುವ ಸಂಭವವಿರುತ್ತದೆ, ಹುಟ್ಟಿದ ಕೆಲವೇ ಗಂಟೆಗಳಲ್ಲಿ ಅದರ ರಕ್ತದ ಸಕ್ಕರೆ ಕುಸಿಯಬಹುದು. ಇದನ್ನು ಪತ್ತೆಹಚ್ಚುವ ಪರೀಕ್ಷೆ ಸರಳ: 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸಿದಾಗ ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ಅಥವಾ ಅದಕ್ಕೂ ಮೇಲಿದ್ದರೆ ಕಾಯಿಲೆ ಇದೆಯೆಂದರ್ಥ. ಮೊದಲ ಭೇಟಿಯಲ್ಲಿ ಒಮ್ಮೆ, ಆಗ ಸಕ್ಕರೆ ಕಾಣದಿದ್ದರೆ 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ ಈ ಪರೀಕ್ಷೆ ಆಗಬೇಕು.

ಎರಡನೆಯ ಅಪಾಯ ಗರ್ಭನಂಜು. 20 ವಾರಗಳ ನಂತರ ರಕ್ತದೊತ್ತಡ 140/90ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುವ ಈ ಸ್ಥಿತಿ ಉಲ್ಬಣಿಸಿದರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತು ಬರಬಹುದು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು, ಮುಖ-ಕೈ ಬಾವು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಪಾಯ ಹೆಚ್ಚಿರುವವರಿಗೆ ವೈದ್ಯರು ಸುಮಾರು 12ನೇ ವಾರದಿಂದ ಅಲ್ಪ ಪ್ರಮಾಣದ ಆಸ್ಪಿರಿನ್ ಕೊಡುವುದುಂಟು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಭಾಗವಹಿಸಿದ್ದ, ಆರು ದೇಶಗಳ ಸುಮಾರು 12,000 ಚೊಚ್ಚಲ ಗರ್ಭಿಣಿಯರ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಪಡೆದವರಲ್ಲಿ ಅವಧಿಪೂರ್ವ ಹೆರಿಗೆ ಶೇ 13.1ರಿಂದ 11.6ಕ್ಕೆ ಇಳಿದುದನ್ನು ಅದು ತೋರಿಸಿತು. ವೈದ್ಯರು ಹೇಳದೆ ಈ ಮಾತ್ರೆಯನ್ನು ತಾವಾಗಿ ನುಂಗಬಾರದು.

ಇವಲ್ಲದೆ ಗರ್ಭಪಾತ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವಿಕೆ, ಹೆರಿಗೆಯ ನಂತರದ ರಕ್ತಸ್ರಾವ, ಸಿಸೇರಿಯನ್ ಗಾಯದ ಸೋಂಕು ಇವೆಲ್ಲದರ ಸಂಭವವೂ ಹೆಚ್ಚುತ್ತದೆ. ಹೊಟ್ಟೆಯ ಕೊಬ್ಬಿನಿಂದ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಅಂಗಗಳು ಸ್ಪಷ್ಟವಾಗಿ ಕಾಣದಿರಬಹುದು.

ಹಾಗೆಂದು ಬಸುರಿಯಾದ ಮೇಲೆ ಉಪವಾಸ ಮಾಡಿ ತೂಕ ಇಳಿಸಲು ಹೊರಡುವುದು ತಪ್ಪು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸಾಮಾನ್ಯ ತೂಕದವರು ಒಂಬತ್ತು ತಿಂಗಳಲ್ಲಿ 11.5ರಿಂದ 16 ಕಿಲೋ ಹೆಚ್ಚಬಹುದಾದರೆ, ಬಿಎಂಐ 30 ದಾಟಿದ ಬೊಜ್ಜುಳ್ಳವರಿಗೆ 5ರಿಂದ 9 ಕಿಲೋ ಸಾಕು. ಎರಡು ಜೀವಕ್ಕೆ ಇಬ್ಬರ ಊಟ ಎಂಬ ನಂಬಿಕೆಗೆ ಆಧಾರವಿಲ್ಲ. ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಮೊಸರು, ಮಿತವಾದ ಶೇಂಗಾ ಹಿಂಡಿ ಇರುವ ಈ ಸೀಮೆಯ ನಿತ್ಯದ ಊಟ ಬಸುರಿಗೆ ಹೇಳಿ ಮಾಡಿಸಿದಂತಿದೆ. ತೂಕ ಏರಿಸುವುದು ಅದರ ಮೇಲೆ ಸೇರುವ ಸಕ್ಕರೆ ಚಹಾ, ಕರಿದ ತಿಂಡಿ, ಬೇಕರಿ ತಿನಿಸು ಮತ್ತು ಕುಪ್ಪಸದ (ಸೀಮಂತದ) ದಿನ ಆರಂಭವಾಗಿ ತಿಂಗಳುಗಟ್ಟಲೆ ನಡೆಯುವ ಸಿಹಿಯ ಉಪಚಾರ. ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಕೊಡುವ ಮಾತೃಪೂರ್ಣ ಯೋಜನೆಯ ಊಟವನ್ನು ಬಿಡಬೇಕಿಲ್ಲ, ಆದರೆ ಅದನ್ನು ಮನೆಯ ಊಟದ ಮೇಲಿನ ಇನ್ನೊಂದು ಊಟವಾಗಿಸಬಾರದು. ವೈದ್ಯರು ಬೇಡವೆನ್ನದಿದ್ದರೆ ದಿನಕ್ಕೆ ಅರ್ಧ ಗಂಟೆಯ ನಡಿಗೆ ಹಿತಕರ; ರಾಮದುರ್ಗದ ಮಗ್ಗಗಳ ಮುಂದೆ ದಿನವಿಡೀ ಕುಳಿತು ದುಡಿಯುವವರಿಗಂತೂ ಅದು ಬೇಕೇ ಬೇಕು.

ಹೆರಿಗೆಯೊಂದಿಗೆ ಈ ಜಾಗ್ರತೆ ಮುಗಿಯುವುದಿಲ್ಲ. ಸಕ್ಕರೆ ಕಾಣಿಸಿಕೊಂಡಿದ್ದ ತಾಯಿಗೆ ಮುಂದೆ ಶಾಶ್ವತ ಸಕ್ಕರೆ ಕಾಯಿಲೆ ಬರುವ ಸಂಭವ ಬಹಳ ಹೆಚ್ಚಿರುವುದರಿಂದ ಹೆರಿಗೆಯಾದ ಆರು ವಾರಗಳ ನಂತರ ಮತ್ತೆ ಪರೀಕ್ಷೆ ಮಾಡಿಸಬೇಕು. ತುಪ್ಪ, ಬೆಲ್ಲ, ಕೊಬ್ಬರಿಯ ಅಂಟಿನ ಉಂಡಿಯನ್ನು ಬಾಣಂತಿಗೆ ಕೊಡುವಾಗಲೂ ಲೆಕ್ಕವಿರಬೇಕು. ದಪ್ಪಗಿದ್ದಾಳೆಂದು ಬಸುರಿಯನ್ನು ಹಂಗಿಸಿದರೆ ಅವಳು ತಪಾಸಣೆಗೆ ಬರುವುದನ್ನೇ ಬಿಟ್ಟಾಳು. ಅದರ ಬದಲು ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸಿ, ಮೂರು ತಿಂಗಳೊಳಗೆ ಎತ್ತರ-ತೂಕ ಬರೆಸಿ, ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ಗರ್ಭಿಣಿ ತಪಾಸಣೆಗೆ ಅವಳನ್ನು ಕರೆದುಕೊಂಡು ಹೋಗುವುದು ಗಂಡ, ಅತ್ತೆ, ತವರು ಎಲ್ಲರ ಹೊಣೆ.