ನಾಯಿಯ ಕಾಗದಪತ್ರ ಮತ್ತು ನಮ್ಮ ಬೀದಿಯ ಲೆಕ್ಕ

ಸರ್ಕಾರಿ ಸೇವೆಯಲ್ಲಿದ್ದ ಮೂರು ದಶಕಗಳಲ್ಲಿ ನಾನು ಸಹಿ ಹಾಕಿದ ಪ್ರಮಾಣಪತ್ರಗಳಿಗೆ ಲೆಕ್ಕವಿಲ್ಲ. ಮೇಜಿನ ಆಚೆ ನಿಂತವರು ‘ಈ ಕಾಗದ ಯಾಕೆ ಬೇಕು ಸಾರ್?’ ಎಂದು ಕೇಳಿದಾಗ, ‘ನಿಯಮ’ ಎಂದಷ್ಟೇ ಹೇಳಿ ಕಳುಹಿಸಿದ್ದೂ ಉಂಟು. ನಿವೃತ್ತಿಯ ನಂತರ ಅದೇ ಪ್ರಶ್ನೆಯನ್ನು ಕೇಳುವ ಸರದಿ ನನ್ನದಾಯಿತು. ಜರ್ಮನಿಯಲ್ಲಿ ಕೆಲಸ ಸಿಕ್ಕಿದ ಮಗಳು, ಬೀದಿಯಿಂದ ಎತ್ತಿ ತಂದು ಸಾಕಿದ ತನ್ನ ನಾಯಿಯನ್ನೂ ಜೊತೆಗೆ ಕರೆದೊಯ್ಯಲು ನಿಶ್ಚಯಿಸಿದ್ದಳು.

ನಾಯಿಯ ಲಸಿಕೆ ಪುಸ್ತಕದಲ್ಲಿ ಐದು ವರ್ಷಗಳ ಮುದ್ರೆಗಳು ಕ್ರಮಬದ್ಧವಾಗಿದ್ದವು. ಆದರೂ ಅವು ಯಾವುವೂ ಲೆಕ್ಕಕ್ಕೆ ಬರಲಿಲ್ಲ. ಐರೋಪ್ಯ ಒಕ್ಕೂಟದ ನಿಯಮದಂತೆ ಮೊದಲು ನಾಯಿಯ ಚರ್ಮದಡಿ ಅಕ್ಕಿಕಾಳಿನಷ್ಟು ಚಿಕ್ಕದಾದ ಮೈಕ್ರೊಚಿಪ್ ಸೇರಿಸಬೇಕು. ಆ ಬಳಿಕ ನೀಡಿದ ರೇಬೀಸ್ ಲಸಿಕೆಗೆ ಮಾತ್ರ ಮಾನ್ಯತೆ. ಚಿಪ್ಪಿನ 15 ಅಂಕಿಗಳ ಸಂಖ್ಯೆಯೇ ಗುರುತು. ಗುರುತು ಇಲ್ಲದಿದ್ದಾಗ ಚುಚ್ಚಿದ ಲಸಿಕೆ ಇದೇ ನಾಯಿಗೆ ಸಂದಿದ್ದೆಂದು ಹೇಳುವುದು ಹೇಗೆ? ನಮ್ಮಲ್ಲಿ ಈ ಕ್ರಮ ತಿರುವುಮುರುವಾಗಿತ್ತು. ಮತ್ತೆ ಲಸಿಕೆ ಹಾಕಿಸಿ, 30 ದಿನ ಕಳೆದ ಮೇಲೆ ರಕ್ತದ ಮಾದರಿಯನ್ನು ಒಕ್ಕೂಟ ಮಾನ್ಯ ಮಾಡಿದ ಪ್ರಯೋಗಾಲಯಕ್ಕೆ ಕಳುಹಿಸಿದೆವು. ಪ್ರತಿ ಮಿಲಿಲೀಟರಿಗೆ ಕನಿಷ್ಠ 0.5 ಅಂತರರಾಷ್ಟ್ರೀಯ ಮಾನದಷ್ಟು ಪ್ರತಿಕಾಯ ಕಂಡುಬಂದರೂ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯುವುದು ಕಡ್ಡಾಯ. ಕೊನೆಯಲ್ಲಿ ಆರೋಗ್ಯ ಪ್ರಮಾಣಪತ್ರಕ್ಕೆ ಸರ್ಕಾರಿ ಪಶುವೈದ್ಯರ ಮುದ್ರೆ. ಅದು ದೊರೆತ ಹತ್ತು ದಿನಗಳೊಳಗೆ ಅಲ್ಲಿ ತಲುಪಬೇಕು. ಮಗಳು ಒಂಟಿಯಾಗಿ ಹೋಗಿ, ನಾಲ್ಕೂವರೆ ತಿಂಗಳ ಬಳಿಕ ಮರಳಿ ಬಂದು ನಾಯಿಯನ್ನು ಕರೆದೊಯ್ದಳು.

ಕಾಯುವ ದಿನಗಳಲ್ಲಿ ನನಗೆ ಒಂದು ಸಂಗತಿ ಅರಿವಾಯಿತು. ಈ ಕಾಗದಗಳ ಹಿಂದೆ ಇರುವುದು ಅಧಿಕಾರಿಗಳ ಹಟವಲ್ಲ, ರೋಗದ ಸ್ವಭಾವ. ರಕ್ತಪರೀಕ್ಷೆಯು ಲಸಿಕೆ ಫಲ ನೀಡಿದೆಯೇ ಎಂಬುದನ್ನು ತಿಳಿಸುತ್ತದೆ. ಆದರೆ ಲಸಿಕೆಗೂ ಮುನ್ನವೇ ಸೋಂಕು ತಗುಲಿದ್ದರೆ ಅದು ವಾರಗಟ್ಟಲೆ, ತಿಂಗಳುಗಟ್ಟಲೆ ಹೊರಗೆ ಕಾಣಿಸದೆ ಇರಬಲ್ಲದು. ಮೂರು ತಿಂಗಳ ಅವಧಿ ಆ ಸಂಶಯಕ್ಕೆ ಪರಿಹಾರ. ಬ್ರಿಟನ್ನಿನಲ್ಲಂತೂ 2000ದವರೆಗೆ ಹೊರಗಿನಿಂದ ಬಂದ ನಾಯಿಗಳನ್ನು ಆರು ತಿಂಗಳು ಪ್ರತ್ಯೇಕವಾಗಿ ಕೂಡಿಹಾಕುತ್ತಿದ್ದರು. ಆ ಸೆರೆವಾಸದ ಜಾಗಕ್ಕೆ ಬಂದದ್ದು ಚಿಪ್ಪು, ಲಸಿಕೆ, ರಕ್ತಪರೀಕ್ಷೆಗಳ ಈ ಕಾಗದಪತ್ರ. ಹಾಗೆ ನೋಡಿದರೆ ಇದು ಔದಾರ್ಯದ ವ್ಯವಸ್ಥೆಯೇ.

ಆದರೆ ಎಲ್ಲ ದೇಶಗಳ ನಾಯಿಗಳಿಗೂ ಇಷ್ಟು ಪರೀಕ್ಷೆಗಳಿಲ್ಲ. ಮೆಕ್ಸಿಕೊದಿಂದ ಯುರೋಪಿಗೆ ಹೊರಟ ನಾಯಿಗೆ ರಕ್ತಪರೀಕ್ಷೆಯೂ ಬೇಡ, ಮೂರು ತಿಂಗಳ ಕಾಯುವಿಕೆಯೂ ಬೇಡ. ಆ ದೇಶ ಒಕ್ಕೂಟದ ಪಟ್ಟಿಯಲ್ಲಿದೆ, ನಾವು ಇಲ್ಲ. ಅಮೆರಿಕವೂ ಭಾರತವನ್ನು ರೇಬೀಸ್ ಅಪಾಯ ಹೆಚ್ಚಿರುವ ದೇಶಗಳ ಸಾಲಿಗೆ ಸೇರಿಸಿ, 2024ರ ಆಗಸ್ಟ್‌ನಿಂದ ನಿಯಮಗಳನ್ನು ಬಿಗಿಗೊಳಿಸಿದೆ. ಇದನ್ನು ಅವಮಾನವೆಂದು ಭಾವಿಸುವ ಮುನ್ನ ನಮ್ಮ ಲೆಕ್ಕ ನೋಡಿಕೊಳ್ಳೋಣ. ಭಾರತದಲ್ಲಿ ವರ್ಷಕ್ಕೆ 18ರಿಂದ 20 ಸಾವಿರ ಜನ ರೇಬೀಸ್‌ನಿಂದ ಸಾಯುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲ ಹೇಳುತ್ತಾ ಬಂದ ಅಂದಾಜು. ನಂತರ ದೇಶದಲ್ಲಿ ನಡೆದ ಸಮೀಕ್ಷೆಯೊಂದರ ಅಂದಾಜು ಸುಮಾರು 5,700. ಚಿಕ್ಕ ಸಂಖ್ಯೆಯನ್ನೇ ಒಪ್ಪಿದರೂ ದಿನಕ್ಕೆ ಹದಿನೈದು ಜೀವಗಳು. ಲಸಿಕೆಯಿಂದ ತಡೆಯಬಹುದಾದ ಸಾವುಗಳು ಇವು.

ಅರ್ಥಶಾಸ್ತ್ರದಲ್ಲಿ ‘ಬಾಹ್ಯ ಪರಿಣಾಮ’ ಎಂಬ ಪರಿಕಲ್ಪನೆಯಿದೆ. ಒಬ್ಬರ ನಡೆಯ ಬೆಲೆಯನ್ನು ಮತ್ತೊಬ್ಬರು ತೆರುವುದು ಎಂದು ಅದರ ಸರಳ ಅರ್ಥ. ಸಾಕುನಾಯಿಯ ಮಾಲೀಕ ಪ್ರಯೋಗಾಲಯಕ್ಕೆ ಕಟ್ಟುವ ಶುಲ್ಕ, ಕಾಯುವ ತಿಂಗಳುಗಳು, ನಮ್ಮ ಬೀದಿಗಳಲ್ಲಿ ಲಸಿಕೆ ಕಾಣದ ನಾಯಿಗಳ ಲೆಕ್ಕಕ್ಕೆ ಸೇರಿದವು. ಈ ತೆರಿಗೆಯನ್ನು ನಮ್ಮಂಥವರು ಗೊಣಗುತ್ತಲಾದರೂ ಕಟ್ಟಬಲ್ಲೆವು. ಅದಕ್ಕಿಂತ ದೊಡ್ಡ ತೆರಿಗೆಯನ್ನು ಶಾಲೆಗೆ ನಡೆದು ಹೋಗುವ ಬಡವರ ಮಕ್ಕಳು ತೆರುತ್ತಿದ್ದಾರೆ. ಕಚ್ಚಿಸಿಕೊಂಡ ಮಗುವಿನ ತಾಯಿ ದಿನಗೂಲಿ ಬಿಟ್ಟು, ಒಂದೊಂದು ಚುಚ್ಚುಮದ್ದಿಗೂ ಆಸ್ಪತ್ರೆಗೆ ಅಲೆಯಬೇಕು.

ಪರಿಹಾರ ಗೊತ್ತಿಲ್ಲದ್ದೇನಲ್ಲ. ಒಂದು ಪ್ರದೇಶದ ನಾಯಿಗಳಲ್ಲಿ ಶೇ 70ರಷ್ಟಕ್ಕೆ ಪ್ರತಿವರ್ಷ ಲಸಿಕೆ ತಲುಪಿದರೆ ಸೋಂಕಿನ ಸರಪಳಿ ತುಂಡಾಗುತ್ತದೆ. ದಶಕಗಳ ಕಾಲ ಉಚಿತ ಸಾಮೂಹಿಕ ಲಸಿಕೆ ನಡೆಸಿದ ಮೆಕ್ಸಿಕೊ, ನಾಯಿಯಿಂದ ಮನುಷ್ಯರಿಗೆ ಹರಡುವ ರೇಬೀಸ್‌ನಿಂದ ಮುಕ್ತವೆಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆಯಿತು. ಇಂಥ ಮನ್ನಣೆ ಗಳಿಸಿದ ಮೊದಲ ದೇಶ ಅದು. ನಮ್ಮ ನೆರೆಯ ಗೋವಾ ಇದೇ ದಾರಿಯಲ್ಲಿ ನಡೆದು 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷ ಕೇಂದ್ರ ಸರ್ಕಾರ 2030ರೊಳಗೆ ಈ ರೋಗವನ್ನು ತೊಡೆಯುವ ರಾಷ್ಟ್ರೀಯ ಕಾರ್ಯಯೋಜನೆ ಪ್ರಕಟಿಸಿತು. ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯ ಹೊಣೆಯನ್ನು 2023ರ ನಿಯಮಗಳು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. ಯೋಜನೆಯೂ ಇದೆ, ನಿಯಮವೂ ಇದೆ. ಬಜೆಟ್ಟಿನಲ್ಲಿ ಹಣ ಮತ್ತು ಪ್ರತಿ ವಾರ್ಡಿನಲ್ಲಿ ಎಷ್ಟು ನಾಯಿಗಳಿಗೆ ಲಸಿಕೆ ಬಿತ್ತೆಂಬ ಬಹಿರಂಗ ಲೆಕ್ಕ, ಇವೆರಡನ್ನು ಕೇಳುವುದು ನಾಗರಿಕರ ಪಾಲಿನ ಕೆಲಸ.

ಮಗಳ ನಾಯಿ ಈಗ ಅಲ್ಲಿ ಉದ್ಯಾನದಲ್ಲಿ ನಿಶ್ಚಿಂತೆಯಿಂದ ಓಡಾಡುತ್ತಿದೆಯಂತೆ. ಅದರ ಒಡಹುಟ್ಟಿದ ಎರಡು ನಾಯಿಗಳು ಇಂದಿಗೂ ನಮ್ಮ ಬಡಾವಣೆಯ ಮೋರಿಯ ಬಳಿಯೇ ಇವೆ. ಅವುಗಳಿಗೆ ಒಮ್ಮೆಯಾದರೂ ಲಸಿಕೆ ಬಿದ್ದಿದೆಯೇ ಎಂದು ವಾರ್ಡ್ ಕಚೇರಿಯಲ್ಲಿ ವಿಚಾರಿಸಿದೆ. ಅವುಗಳ ಬಗ್ಗೆ ಅಲ್ಲಿ ಒಂದು ಕಾಗದವೂ ಇರಲಿಲ್ಲ.