ನಿಮಗಿದು ಗೊತ್ತೇ? ಗುಟ್ಟು ಒಂದು, ದಾರಿ ಮೂರು

● ತುಂಗಭದ್ರಾ (ಟಿಬಿ) ಡ್ಯಾಮಿನಿಂದ ಹೊಳೆಗೆ ಭಾರಿ ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುತ್ತದೆ. ಗಂಗಾವತಿಗೆ ಹೊರಟವರು ಬುಕ್ಕಸಾಗರ–ಕಡೆಬಾಗಿಲು ಸೇತುವೆ ಹಿಡಿಯಬೇಕು, ಇಲ್ಲವೇ ಹೊಸಪೇಟೆ–ಮುನಿರಾಬಾದ್ ಸುತ್ತು ಹಾಕಬೇಕು. ಇಂಟರ್‌ನೆಟ್ಟಿನಲ್ಲೂ ಹೀಗೆ ಹಲವು ದಾರಿಗಳಿವೆ. ಗುಟ್ಟನ್ನು ಚೂರು ಮಾಡಿ ದಾರಿಗೊಂದರಂತೆ ಕಳಿಸುವ ಉಪಾಯಕ್ಕೆ ‘ಸೀಕ್ರೆಟ್ ಶೇರಿಂಗ್’ ಎಂದು ಹೆಸರು.

● ಚೂರು ಎಂದರೆ ಚೀಟಿ ಹರಿದ ತುಂಡಲ್ಲ. ಹರಿದ ತುಂಡಿನಲ್ಲಿ ನಾಲ್ಕು ಅಕ್ಷರವಾದರೂ ಕಂಡೀತು! ಗುಟ್ಟು 7 ಎನ್ನಿ. ಮನಸ್ಸಿಗೆ ಬಂದ ಇನ್ನೊಂದು ಸಂಖ್ಯೆ, 3, ಆರಿಸಿಕೊಳ್ಳಿ. ಏಳಕ್ಕೆ ಅದನ್ನು ಒಮ್ಮೆ ಕೂಡಿಸಿದರೆ 10, ಅದು ಕಂಪ್ಲಿ ದಾರಿಗೆ. ಎರಡು ಸಲ ಕೂಡಿಸಿದರೆ 13, ಬುಕ್ಕಸಾಗರಕ್ಕೆ. ಮೂರು ಸಲ ಕೂಡಿಸಿದರೆ 16, ಮುನಿರಾಬಾದಿಗೆ. ಕಂಪ್ಲಿ ಸೇತುವೆ ಮುಳುಗಿತು, 13 ಮತ್ತು 16 ಮಾತ್ರ ತಲುಪಿದವು. ವ್ಯತ್ಯಾಸ 3. ಹದಿಮೂರರಲ್ಲಿ ಅದನ್ನು ಎರಡು ಸಲ ಕಳೆಯಿರಿ: 7 ಸಿಕ್ಕಿತು! ಬರೀ 13 ಕದ್ದವನು ತಲೆ ಕೆರೆದುಕೊಳ್ಳುತ್ತ ಕೂರಬೇಕು. (ಅಸಲಿ ಲೆಕ್ಕದಲ್ಲಿ ಅವಿಭಾಜ್ಯ ಸಂಖ್ಯೆಯೊಂದರಿಂದ ಭಾಗಿಸಿ ಶೇಷವನ್ನಷ್ಟೇ ಕಳಿಸುತ್ತಾರೆ, ಆಗ ಒಂಟಿ ಚೂರಿನಲ್ಲಿ ಎಳ್ಳಷ್ಟೂ ಸುಳಿವಿರದು.)

● ಈ ಉಪಾಯವನ್ನು 1979ರಲ್ಲಿ ಕೊಟ್ಟವರು ಇಸ್ರೇಲಿನ ಆದಿ ಶಮೀರ್. ಅದೇ ವರ್ಷ ಅಮೆರಿಕದ ಜಾರ್ಜ್ ಬ್ಲೇಕ್ಲಿ ಬೇರೆ ದಾರಿಯಿಂದ ಅಲ್ಲಿಗೇ ಬಂದಿದ್ದರು.

● 11 ವಿಜ್ಞಾನಿಗಳಲ್ಲಿ ಯಾವ 6 ಮಂದಿ ಸೇರಿದರೂ ಗುಟ್ಟಿನ ಕಾಗದಗಳಿರುವ ಬೀರು ತೆರೆಯಬೇಕು, ಐವರಿಂದ ಆಗಬಾರದು. ಬೀಗ ಹಾಕಿಯೇ ಇದನ್ನು ಸಾಧಿಸಲು 462 ಬೀಗ ಬೇಕು, ತಲಾ 252 ಕೀಲಿಕೈ! ಶಮೀರ್ ತಮ್ಮ ಲೇಖನ ಶುರುಮಾಡಿದ್ದೇ ಈ ಒಗಟಿನಿಂದ.

● ಒಂದು ದಾರಿಯಲ್ಲಿ ಕದ್ದು ಕೇಳುವವನಿದ್ದರೆ ಒಟ್ಟು ಎರಡು ದಾರಿ ಸಾಕು. ಅವನು ಚೂರನ್ನು ತಿದ್ದಿಯೂ ಕಳಿಸುವ ಖದೀಮನಾದರೆ? ಆಚೀಚೆ ಮಾತಾಡಿಕೊಳ್ಳಲು ಅವಕಾಶವಿದ್ದರೆ ಮೂರು, ಒಂದೇ ಸಲ ಕಳಿಸಿ ಮುಗಿಸಬೇಕೆಂದರೆ ನಾಲ್ಕು. ಇದು ಕಂಪ್ಯೂಟರ್ ವಿಜ್ಞಾನಿಗಳಾದ ಡೋಲೆವ್, ಡ್ವರ್ಕ್, ವಾರ್ಟ್ಸ್, ಯುಂಗ್ 1993ರಲ್ಲಿ ತೋರಿಸಿಕೊಟ್ಟ ಲೆಕ್ಕ.

● ಎರಡು ಕಂಪನಿಯ ಸಿಮ್ ಇದ್ದರೆ ಎರಡು ದಾರಿ ಎಂದು ನಂಬಬೇಡಿ. ಎರಡೂ ಒಂದೇ ಟವರಿಗೆ ಜೋತುಬಿದ್ದಿರಬಹುದು, ಎರಡರ ಕೇಬಲ್ಲೂ ಒಂದೇ ಗುಂಡಿಯಲ್ಲಿ ಮಲಗಿರಬಹುದು. ಜೆಸಿಬಿ ಒಮ್ಮೆ ಕೈಹಾಕಿದರೆ ಎರಡೂ ಹೋದವು.

● ಶಮೀರ್ ವಿಧಾನದಲ್ಲಿ ಬರಬಹುದಾದ ಚೂರುಗಳನ್ನೆಲ್ಲ ಕೋಷ್ಟಕದಲ್ಲಿ ಬರೆದರೆ ಸಿಗುವುದು ‘ಆರ್ಥೋಗನಲ್ ಅರೇ’. ಆ ಕೋಷ್ಟಕವನ್ನು 1940ರ ದಶಕದಲ್ಲೇ, ಪ್ರಯೋಗಗಳನ್ನು ಯೋಜಿಸಲೆಂದು, ರೂಪಿಸಿದವರು ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್. ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, ಈಗಿನ ವಿಜಯನಗರ ಜಿಲ್ಲೆಯಲ್ಲಿ.