‘ಮ್ಬೂಬೆ’: ಒಂದು ಹಾಡಿನ ಪಾಠಾಂತರಗಳು ಮತ್ತು ಕರ್ತೃತ್ವದ ಪ್ರಶ್ನೆ

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಪಾಠಾಂತರವೆಂಬುದು ಹೊಸ ಮಾತಲ್ಲ. ಓಲೆಯಿಂದ ಓಲೆಗೆ ಪ್ರತಿಯಾಗುವಾಗ ಲಿಪಿಕಾರನ ಕಣ್ಣು ತಪ್ಪುತ್ತದೆ. ಅರ್ಥವಾಗದ ಪದವನ್ನು ಅವನು ತನಗೆ ತಿಳಿದ ಪದಕ್ಕೆ ಒಗ್ಗಿಸಿ ಬರೆಯುತ್ತಾನೆ. ಧ್ವನಿಮುದ್ರಣ ಬಂದ ಮೇಲೆ ಈ ತೊಡಕು ತೀರಿತೆಂಬ ಭಾವನೆ ಸಾಮಾನ್ಯವಾಗಿದೆ. ಹಾಡಿದವನ ಕಂಠವೇ ತಟ್ಟೆಯ ಮೇಲೆ ಉಳಿದಿರುವಾಗ ಪಾಠ ಕೆಡುವುದೆಲ್ಲಿಂದ? ಆದರೆ ‘ದಿ ಲಯನ್ ಸ್ಲೀಪ್ಸ್ ಟುನೈಟ್’ ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಪ್ರಚಾರ ಪಡೆದ ಹಾಡಿನ ಇತಿಹಾಸ ಈ ಭಾವನೆಯನ್ನು ಅಲ್ಲಗಳೆಯುತ್ತದೆ. ಅಲ್ಲಿ ಪಾಠವೂ ಬದಲಾಯಿತು, ಕರ್ತೃವಿನ ಹೆಸರೂ ಮರೆಯಾಯಿತು. ಮೊದಲನೆಯದು ಕಿವಿಯ ತಪ್ಪಿನಿಂದ ಆದದ್ದು; ಎರಡನೆಯದನ್ನು ಹಾಗೆನ್ನಲು ಬರುವುದಿಲ್ಲ.

ಹಾಡಿನ ಕರ್ತೃ ಸಾಲೊಮನ್ ಲಿಂಡಾ. ಇವರು 1909ರಲ್ಲಿ ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತದಲ್ಲಿ ಹುಟ್ಟಿದ ಜುಲು ಗಾಯಕರು. 1930ರ ದಶಕದ ಆರಂಭದಲ್ಲಿ ದುಡಿಮೆಯನ್ನು ಅರಸಿಕೊಂಡು ಜೋಹಾನ್ಸ್‌ಬರ್ಗ್ ಸೇರಿ, ಅಲ್ಲಿ ‘ಈವನಿಂಗ್ ಬರ್ಡ್ಸ್’ ಎಂಬ ತಂಡವನ್ನು ನಡೆಸಿದರು. ಗ್ಯಾಲೊ ಕಂಪನಿಯ ಗ್ರಾಮಫೋನ್ ಕಾರ್ಖಾನೆಯಲ್ಲಿ ತಟ್ಟೆಗಳನ್ನು ಕಟ್ಟಿಡುವ ಕೆಲಸ ಅವರದಾಗಿತ್ತು. 1939ರಲ್ಲಿ ಅದೇ ಕಂಪನಿಯ ಸ್ಟುಡಿಯೋದಲ್ಲಿ ಈ ತಂಡ ‘ಮ್ಬೂಬೆ’ ಎಂಬ ಹಾಡನ್ನು ಮುದ್ರಿಸಿತು. ಜುಲು ಭಾಷೆಯಲ್ಲಿ ‘ಮ್ಬೂಬೆ’ ಎಂದರೆ ಸಿಂಹ. ಬಾಲ್ಯದಲ್ಲಿ ದನ ಕಾಯುವಾಗ ಸಿಂಹಗಳನ್ನು ಅಟ್ಟಿದ ನೆನಪು ಹಾಡಿನ ಹಿಂದಿದೆ ಎನ್ನುತ್ತಾರೆ. ಮಾತುಗಳು ಬಹಳ ಕಡಿಮೆ. ಹಿಮ್ಮೇಳದವರು ತಗ್ಗಿನ ಸ್ಥಾಯಿಯಲ್ಲಿ ಒಂದೇ ನುಡಿಯನ್ನು ಮರಳಿ ಮರಳಿ ಹಾಡುತ್ತಿರುತ್ತಾರೆ. ಅದರ ಮೇಲೆ ಲಿಂಡಾ ಅವರ ಕಂಠ ಅತಿ ಎತ್ತರದ ಸ್ವರಗಳಲ್ಲಿ ಸ್ವಚ್ಛಂದವಾಗಿ ಏರಿಳಿಯುತ್ತದೆ. ಮುದ್ರಣದ ಮೂರನೆಯ ಪ್ರಯತ್ನದಲ್ಲಿ, ಹಾಡು ಇನ್ನೇನು ಮುಗಿಯಬೇಕು ಎನ್ನುವಾಗ, ಅವರು ಒಂದು ಪುಟ್ಟ ಸ್ವರಪಂಕ್ತಿಯನ್ನು ಆಶುವಾಗಿ ಹಾಡಿದರು. ಮುಂದೆ ಇಂಗ್ಲಿಷ್ ಸಾಹಿತ್ಯವನ್ನು ಹೊಸೆದದ್ದು ಈ ಪಂಕ್ತಿಯ ಮೇಲೆಯೇ. ಹೀಗಾಗಿ ಈ ಹಾಡಿನ ಅತ್ಯಂತ ಪ್ರಸಿದ್ಧ ಭಾಗ ಎಲ್ಲಿ, ಯಾರ ಬಾಯಲ್ಲಿ ಹುಟ್ಟಿತೆಂಬುದಕ್ಕೆ ಆ ತಟ್ಟೆಯೇ ಸಾಕ್ಷಿಯಾಗಿದೆ. ಹಳೆಯ ಕೃತಿಗಳ ಕಾಲ–ಕರ್ತೃ ವಿಚಾರದಲ್ಲಿ ತಲೆ ಕೆಡಿಸಿಕೊಳ್ಳುವ ನಮಗೆ ಇಂಥ ಅನುಕೂಲ ದೊರೆಯುವುದು ದುರ್ಲಭ!

1940ರ ದಶಕದ ಕೊನೆಯ ವೇಳೆಗೆ ಇದರ ಸುಮಾರು 1 ಲಕ್ಷ ಪ್ರತಿಗಳು ಮಾರಾಟವಾಗಿದ್ದವು. ಆ ಬಗೆಯ ಗಾಯನಪದ್ಧತಿಗೇ ‘ಮ್ಬೂಬೆ’ ಎಂಬ ಹೆಸರು ನಿಂತಿತು. ಲಿಂಡಾ ಮಾತ್ರ ಹಾಡಿನ ಹಕ್ಕನ್ನು 10 ಷಿಲಿಂಗ್‌ಗೆ ಕಂಪನಿಗೆ ಬಿಟ್ಟುಕೊಟ್ಟಿದ್ದರು.

ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಅವರ ಮೂಲಕ ತಟ್ಟೆ ಅಮೆರಿಕದ ಗಾಯಕ ಪೀಟ್ ಸೀಗರ್ ಅವರ ಕೈಸೇರಿತು. ಸೀಗರ್ ಅದನ್ನು ಕೇಳಿ ಬರೆದುಕೊಂಡರು. ಹಿಮ್ಮೇಳದ ನುಡಿ ‘ಉಯಿಮ್ಬೂಬೆ’, ಅಂದರೆ ‘ನೀನು ಸಿಂಹ’. ಜುಲು ಅರಿಯದ ಕಿವಿಗೆ ಅದು ‘ವಿಮೋವೆ’ ಎಂದು ಕೇಳಿಸಿತು. ಅವರ ‘ವೀವರ್ಸ್’ ತಂಡ 1951ರಲ್ಲಿ ಇದೇ ಶೀರ್ಷಿಕೆಯಲ್ಲಿ ಹಾಡನ್ನು ಮುದ್ರಿಸಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಲಿಪಿಕಾರ ಸಾಮಾನ್ಯವಾಗಿ ಅರ್ಥವಿಲ್ಲದ್ದನ್ನು ಅರ್ಥವುಳ್ಳದ್ದಾಗಿ ತಿದ್ದುತ್ತಾನೆ. ಇಲ್ಲಿ ಅರ್ಥವುಳ್ಳ ನುಡಿ ಅರ್ಥವಿಲ್ಲದ ನಾದವಾಯಿತು. ನಾಲಗೆಗೆ ಹಿತವಾದುದರಿಂದ ಅದೇ ಉಳಿದುಕೊಂಡಿತು. ಉಳಿದ ಮೇಲೆ ಅದಕ್ಕೊಂದು ಹಿನ್ನೆಲೆಯೂ ಬೇಕಾಯಿತು: ಜುಲು ದೊರೆ ಶಾಕಾ ಸತ್ತಿಲ್ಲ, ನಿದ್ರಿಸುತ್ತಿದ್ದಾನೆ ಎಂಬ ಐತಿಹ್ಯವನ್ನು ಹಾಡಿಗೆ ಹೊಂದಿಸಿ ಹೇಳಲಾಯಿತು. ದನಗಾಹಿಯೊಬ್ಬನ ನೆನಪು ಒಂದು ಜನಾಂಗದ ಪುರಾಣವಾಗಿ ಮಾರ್ಪಟ್ಟಿತು.

ಈ ಮಾರ್ಪಾಟು ನಿರುಪದ್ರವಿಯೆಂದು ತೋರಬಹುದು. ಹಾಗಲ್ಲ. ಜನಾಂಗದ ಪುರಾಣಕ್ಕೆ ಕರ್ತೃವಿರುವುದಿಲ್ಲ; ಕರ್ತೃವಿಲ್ಲದ ಕೃತಿಗೆ ಗೌರವಧನ ಸಲ್ಲಿಸಬೇಕಾಗಿಯೂ ಇಲ್ಲ. ವೀವರ್ಸ್ ತಂಡದ ತಟ್ಟೆಯ ಮೇಲೆ ರಚನಕಾರನ ಸ್ಥಾನದಲ್ಲಿ ಕಾಣಿಸಿಕೊಂಡದ್ದು ‘ಪಾಲ್ ಕ್ಯಾಂಪ್‌ಬೆಲ್’ ಎಂಬ ಹೆಸರು. ಅಂಥ ವ್ಯಕ್ತಿ ಯಾರೂ ಇರಲಿಲ್ಲ. ಸಾಂಪ್ರದಾಯಿಕ ಹಾಡುಗಳನ್ನು ಅಳವಡಿಸಿಕೊಂಡಾಗ ತಂಡದವರು ಬಳಸುತ್ತಿದ್ದ ಕಲ್ಪಿತ ನಾಮಧೇಯ ಅದು. ಮುಂದೆ ಸೀಗರ್ ಲಿಂಡಾ ಅವರಿಗೆ 1,000 ಡಾಲರ್ ಕಳುಹಿಸಿಕೊಟ್ಟರೆಂಬುದನ್ನೂ ಇಲ್ಲಿ ಹೇಳಬೇಕು. ಆದರೆ ವ್ಯವಸ್ಥೆ ಬದಲಾಗಲಿಲ್ಲ.

1961ರಲ್ಲಿ ಜಾರ್ಜ್ ಡೇವಿಡ್ ವೈಸ್, ಹ್ಯೂಗೊ ಪೆರೆಟ್ಟಿ ಮತ್ತು ಲುಯಿಜಿ ಕ್ರಿಯಾಟೋರೆ ಎಂಬ ಮೂವರು ಇದಕ್ಕೆ ಇಂಗ್ಲಿಷ್ ಸಾಹಿತ್ಯ ಮತ್ತು ಹೊಸ ವಾದ್ಯಸಂಯೋಜನೆಯನ್ನು ಒದಗಿಸಿದರು. ‘ಟೋಕನ್ಸ್’ ತಂಡ ಹಾಡಿದ ಈ ಪಾಠ ಆ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಸಿಂಹವನ್ನು ಅಟ್ಟುವ ಹಾಡು ಈಗ ಸಿಂಹ ಮಲಗಿರುವ ಹಾಡಾಗಿತ್ತು. ಆಮೇಲಿನ ಪಾಠಗಳು ಬಹುಮಟ್ಟಿಗೆ ಇದರ ಸಂತತಿಯೇ: 1972ರಲ್ಲಿ ರಾಬರ್ಟ್ ಜಾನ್, 1982ರಲ್ಲಿ ‘ಟೈಟ್ ಫಿಟ್’, 1994ರಲ್ಲಿ ‘ದಿ ಲಯನ್ ಕಿಂಗ್’ ಚಲನಚಿತ್ರ. ಇದಕ್ಕೂ ಮೊದಲೇ, 1960ರಲ್ಲಿ, ದಕ್ಷಿಣ ಆಫ್ರಿಕದವರೇ ಆದ ಮಿರಿಯಮ್ ಮಕೇಬಾ ಹಳೆಯ ಶೀರ್ಷಿಕೆಯನ್ನು ಉಳಿಸಿಕೊಂಡು ಜುಲು ನುಡಿಯಲ್ಲೇ ಹಾಡಿದ್ದರು. ಶುದ್ಧಪಾಠದ ಪ್ರತಿಯೊಂದು ಕೈಗೆ ಸಿಕ್ಕಿದರೂ ಪ್ರಚಲಿತ ಪಾಠವೇ ಮೇಲಾಗಿ ನಿಂತದ್ದಕ್ಕೆ ಇದು ಉದಾಹರಣೆ.

ಲಿಂಡಾ 1962ರಲ್ಲಿ ಬಡತನದಲ್ಲೇ ನಿಧನರಾದರು. ಅವರ ಸಮಾಧಿಗೆ ಒಂದು ಕಲ್ಲನ್ನು ನಿಲ್ಲಿಸಲು ಪತ್ನಿಗೆ 18 ವರ್ಷ ಬೇಕಾಯಿತು.

ನಮ್ಮ ವಚನ–ಕೀರ್ತನೆಗಳಲ್ಲಿ ಅಂಕಿತವೆಂಬುದು ಕೃತಿಯ ಅಂಗವಾಗಿಯೇ ಇದೆ. ಹಾಡುವವರು ರಾಗ ಬದಲಾಯಿಸಲಿ, ಪದ ತಪ್ಪಲಿ, ‘ಪುರಂದರವಿಠಲ’ ಎಂದೊಡನೆ ಕರ್ತೃ ಎದುರಿಗೆ ಬಂದು ನಿಲ್ಲುತ್ತಾನೆ. ಲಿಂಡಾ ಅವರ ಹಾಡಿಗೆ ಅಂಥ ಆಸರೆ ಇರಲಿಲ್ಲ; ತಟ್ಟೆಯ ನಡುವಿನ ಕಾಗದದ ಮೇಲಷ್ಟೇ ಅವರ ಹೆಸರಿತ್ತು. ಇನ್ನು ಗರತಿಯ ಹಾಡುಗಳಂಥವು ನಿಜವಾಗಿಯೂ ಅನೇಕ ಕಂಠಗಳ ಕೂಡುಸೃಷ್ಟಿಗಳು. ಅವುಗಳ ಅನಾಮಿಕತೆಯೂ ‘ವಿಮೋವೆ’ಯ ಅನಾಮಿಕತೆಯೂ ಒಂದೇ ಬಗೆಯವಲ್ಲ. ಒಂದರಲ್ಲಿ ಹೆಸರುಗಳು ಕಾಲಕ್ರಮದಲ್ಲಿ ಕರಗಿದವು. ಇನ್ನೊಂದರಲ್ಲಿ ಬದುಕಿದ್ದ ಮನುಷ್ಯನೊಬ್ಬನ ಹೆಸರನ್ನು ಬಿಡಲಾಯಿತು. ‘ಜನಪದ’ ಎಂಬ ಒಂದೇ ಪದ ಎರಡನ್ನೂ ಮುಚ್ಚಿಬಿಡುತ್ತದೆ. ಹೊರನಾಡಿನಲ್ಲಿ ಕುಳಿತು ಹಳೆಯ ತಟ್ಟೆ, ಕ್ಯಾಸೆಟ್ಟುಗಳನ್ನೇ ಆಕರವಾಗಿ ಬಳಸಬೇಕಾದ ಸಂಶೋಧಕರು ಹೊದಿಕೆಯ ಮೇಲಿನ ಆ ಪದವನ್ನು ಪ್ರಮಾಣವೆಂದು ಸ್ವೀಕರಿಸುವ ಮುನ್ನ ಮುದ್ರಣದ ಹಿಂದುಮುಂದನ್ನು ಪರಿಶೀಲಿಸುವುದು ಅಗತ್ಯ.

2000ದಲ್ಲಿ ದಕ್ಷಿಣ ಆಫ್ರಿಕದ ಪತ್ರಕರ್ತ ರಿಯಾನ್ ಮಲಾನ್ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಈ ಇತಿಹಾಸವನ್ನು ಬಿಡಿಸಿ ಬರೆದರು. ಮಲಾನ್ ಅಂದಾಜಿನಂತೆ ಹಾಡು ಅದುವರೆಗೆ ಗಳಿಸಿದ ಗೌರವಧನ ಸುಮಾರು 1.5 ಕೋಟಿ ಡಾಲರ್. ಲಿಂಡಾ ವಾರಸುದಾರರ ಪರವಾಗಿ ನಿಂತ ವಕೀಲರಿಗೆ ಆಧಾರ ಒದಗಿಸಿದ್ದು 1911ರ ಬ್ರಿಟಿಷ್ ಕೃತಿಸ್ವಾಮ್ಯ ಕಾಯಿದೆ. ಕರ್ತೃ ತನ್ನ ಹಕ್ಕನ್ನು ಮಾರಿದ್ದರೂ ಅವನು ತೀರಿಕೊಂಡು 25 ವರ್ಷಗಳಾದ ಮೇಲೆ ಅದು ವಾರಸುದಾರರಿಗೆ ಮರಳಬೇಕೆಂದು ಅದರಲ್ಲಿ ವಿಧಿಸಲಾಗಿತ್ತು. ಆ ಲೆಕ್ಕದಂತೆ ‘ಮ್ಬೂಬೆ’ 1987ರಲ್ಲೇ ಕುಟುಂಬದ ಸ್ವತ್ತಾಗಿತ್ತು. (ಇದೇ ಕಾಯಿದೆ ಕೆಲವು ಮಾರ್ಪಾಡುಗಳೊಡನೆ 1914ರಿಂದ ಭಾರತದಲ್ಲೂ ಜಾರಿಯಲ್ಲಿತ್ತು; ಅದರ ಸ್ಥಾನಕ್ಕೆ 1957ರ ಕಾಯಿದೆ ಬಂದಿತು. ಚಲನಚಿತ್ರದ ಗೀತರಚನಕಾರರೂ ಸಂಗೀತಗಾರರೂ ತಮ್ಮ ಗೌರವಧನದ ಪಾಲನ್ನು ನಿರ್ಮಾಪಕರಿಗೆ ಬಿಟ್ಟುಕೊಡುವಂತಿಲ್ಲವೆಂಬ ನಿಯಮ ನಮ್ಮಲ್ಲಿ ಸೇರಿದ್ದು 2012ರ ತಿದ್ದುಪಡಿಯಲ್ಲಿ.)

2004ರಲ್ಲಿ ಡಿಸ್ನಿ ಸಂಸ್ಥೆಯ ವಿರುದ್ಧ ದಕ್ಷಿಣ ಆಫ್ರಿಕದಲ್ಲಿ ದಾವೆ ಹೂಡಲಾಯಿತು. 2006ರ ಫೆಬ್ರವರಿಯಲ್ಲಿ, ಹಾಡಿನ ಹಕ್ಕು ಹೊಂದಿದ್ದ ಅಬಿಲೀನ್ ಮ್ಯೂಸಿಕ್ ಸಂಸ್ಥೆಯೊಡನೆ ಒಪ್ಪಂದವಾಗಿ, 1987ರಿಂದ ಸಲ್ಲಬೇಕಾದ ಹಣವನ್ನು ಕುಟುಂಬದ ನಿಧಿಗೆ ಕೊಡುವುದೆಂದು ನಿಶ್ಚಯವಾಯಿತು. ಸಾಲೊಮನ್ ಲಿಂಡಾ ಅವರನ್ನು ‘ದಿ ಲಯನ್ ಸ್ಲೀಪ್ಸ್ ಟುನೈಟ್’ನ ಸಹರಚನಕಾರರೆಂದು ನಮೂದಿಸಲೂ ಒಪ್ಪಲಾಯಿತು. ಈ ನಮೂದು ಆಗುವ ಹೊತ್ತಿಗೆ ಹಾಡು ಮುದ್ರಣಗೊಂಡು 67 ವರ್ಷಗಳು ಕಳೆದಿದ್ದವು.